ಮೈಸೂರಿನ ಪೋಲೋ, ಟೋಕಿಯೋದ ಇಂದಿರಾ

ಅಲೆವೂರು, ಮಣಿಪಾಲ, ಕಾಪು ಕಡೆಯ ಶಾಲೆಗಳ ಪ್ರವಾಸದ ಬಸ್ಸು ಸಂಪಾಜೆ ಘಾಟಿ ಹತ್ತಿ, ಮಡಿಕೇರಿ ದಾಟಿ ಮೈಸೂರು ಮುಟ್ಟಿತೆಂದರೆ ಮಕ್ಕಳಿಗೆ ಅರಮನೆಗಿಂತ ಮೊದಲು ಬೇಕಾದದ್ದು ಝೂ. 1995ರಿಂದ 2014ರ ನಡುವೆ ಹಾಗೆ ಹೋಗಿಬಂದವರನ್ನು ಈಗ ಕೇಳಿ ನೋಡಿ. ಹುಲಿ ಎಲ್ಲಿತ್ತು, ಜಿರಾಫೆ ಎಷ್ಟಿದ್ದವು ಎಂಬುದೆಲ್ಲ ಕಲಸಿಹೋಗಿರುತ್ತದೆ. ಪೋಲೋ ಮಾತ್ರ ನೆನಪಿರುತ್ತಾನೆ.

ಪೋಲೋ ಗೊರಿಲ್ಲಾ. ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ 1995ರಲ್ಲಿ ಮೈಸೂರಿಗೆ ಬಂದವ. ಭಾರತದ ಏಕೈಕ ಗೊರಿಲ್ಲಾ ಎಂದೇ ಪತ್ರಿಕೆಗಳು ಅವನ ಹೆಸರು ಬರೆಯುತ್ತಿದ್ದವು. ಬೆನ್ನಿನ ಮೇಲೆ ಬೆಳ್ಳಿಯ ಬಣ್ಣದ ಕೂದಲು, ನೆಲಕ್ಕೆ ಗೆಣ್ಣೂರಿ ನಡೆಯುವ ಗತ್ತು, ಕಂದಕದಾಚೆ ಬೆನ್ನು ತಿರುಗಿಸಿ ಕೂತರೆ ನೂರು ಮಂದಿ ಕೂಗಿದರೂ ತಿರುಗದ ಹಟ. ಗೊರಿಲ್ಲಾ ಗಂಡು ಕಾಡಿನಲ್ಲಿ ಒಂದಷ್ಟು ಹೆಣ್ಣು, ಮರಿಗಳ ಸಂಸಾರದ ಯಜಮಾನ. ಇಲ್ಲಿ ಸಂಸಾರವಿರಲಿಲ್ಲ. ಆದ್ದರಿಂದ ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಒಂದೇ ಸುದ್ದಿ: ಪೋಲೋಗೆ ಹೆಣ್ಣು ಹುಡುಕುತ್ತಿದ್ದಾರಂತೆ. ಓದಿ ನಗುತ್ತಿದ್ದೆವು. ಆದರೆ ಗೊರಿಲ್ಲಾವನ್ನು ಯಾರೂ ಮಾರುವಂತಿಲ್ಲ. ಯಾವ ಹೆಣ್ಣು ಯಾವ ಮೃಗಾಲಯಕ್ಕೆ ಹೋಗಬೇಕೆಂಬುದನ್ನು ಯುರೋಪಿನಲ್ಲಿ ಒಂದು ಸಂತಾನಾಭಿವೃದ್ಧಿ ಯೋಜನೆಯೇ ತೀರ್ಮಾನಿಸುತ್ತದೆ. ಸಂಬಂಧ ಕೂಡಿಬರಲಿಲ್ಲ. 2014ರಲ್ಲಿ ಪೋಲೋ ತೀರಿಕೊಂಡಾಗ ವಯಸ್ಸು ನಲವತ್ತು ದಾಟಿತ್ತು.

ಝೂಗಳಲ್ಲಿ ಹೆಸರು ಬರುವುದು ಹೆಚ್ಚಾಗಿ ಒಂಟಿ ಪ್ರಾಣಿಗೆ ಎಂದು ನನಗೆ ಅನ್ನಿಸುವುದು ಇದಕ್ಕೇ. ಹಿಂಡಾಗಿ ಮೇಯುವ ಚುಕ್ಕೆ ಜಿಂಕೆಗಳಲ್ಲಿ ಪ್ರಸಿದ್ಧ ಜಿಂಕೆ ಎಂಬುದುಂಟೇ? ಲಂಡನ್ನಿನಲ್ಲಿ ಮೂರು ದಶಕ ಜನರನ್ನು ಸೆಳೆದ ಗೊರಿಲ್ಲಾ ಗೈ ಕೂಡ ಬಹುಕಾಲ ಒಂಟಿಯಾಗಿಯೇ ಇದ್ದವನು.

ಪೋಲೋ ಇದ್ದ ಮನೆಯ ಬಗ್ಗೆ ಎರಡು ಮಾತು. ಹತ್ತನೆಯ ಚಾಮರಾಜ ಒಡೆಯರ್ 1892ರಲ್ಲಿ ಅರಮನೆಯ ಆಸ್ತಿಯಾಗಿ ಇದನ್ನು ಆರಂಭಿಸಿದರು. ಅದಾಗಿ ಎರಡೇ ವರ್ಷಕ್ಕೆ ಕಲ್ಕತ್ತೆಯಲ್ಲಿ ಅವರು ತೀರಿಹೋದರು. 1909ರಲ್ಲಿ ಅವರದೇ ಹೆಸರಿಟ್ಟು ಚಾಮರಾಜೇಂದ್ರ ಮೃಗಾಲಯವಾಯಿತು. 1972ರಲ್ಲಿ ಅರಣ್ಯ ಇಲಾಖೆಯ ಕೈಗೆ, 1979ರಲ್ಲಿ ಮೃಗಾಲಯ ಪ್ರಾಧಿಕಾರದ ಕೈಗೆ ಬಂತು. ಕಾರಂಜಿ ಕೆರೆಯ ಮಗ್ಗುಲಲ್ಲಿ ಸುಮಾರು 157 ಎಕರೆ. ಕಬ್ಬಿಣದ ಸರಳುಗಳ ಬದಲು ಕಂದಕ ತೋಡಿ, ಪ್ರಾಣಿಯನ್ನು ಬಯಲಿನಲ್ಲಿಟ್ಟು ತೋರಿಸುವ ಕ್ರಮ ಇಲ್ಲಿ ಹಳೆಯದು. ಪ್ರಾಣಿಯೊಂದರ ಊಟದ ಖರ್ಚು ವಹಿಸಿಕೊಂಡು ದತ್ತು ಪಡೆಯುವ ವ್ಯವಸ್ಥೆಯೂ ಇದೆ. ಕೋವಿಡ್ ಕಾಲದಲ್ಲಿ ಟಿಕೆಟ್ ದುಡ್ಡು ನಿಂತಾಗ, 2021ರ ಜೂನ್‌ನಲ್ಲಿ ನಟ ದರ್ಶನ್ ಕರೆ ಕೊಟ್ಟದ್ದೇ ತಡ, ಜನ ಮುಗಿಬಿದ್ದು ದತ್ತು ಪಡೆದರು.

ಇಲ್ಲಿಗೆ ಬಂದವರ ಕತೆ ಹೀಗಾದರೆ, ನಮ್ಮ ಕಾಡಿನಿಂದ ಹೊರದೇಶಕ್ಕೆ ಹೋಗಿ ಹೆಸರು ಮಾಡಿದವರ ಕತೆ ಇನ್ನೂ ದೊಡ್ಡದು. ಅದು ನಮ್ಮಲ್ಲೇ ಹೆಚ್ಚು ಮಂದಿಗೆ ಗೊತ್ತಿಲ್ಲ.

ಟೋಕಿಯೋದ ಊಯೆನೋ ಮೃಗಾಲಯದಲ್ಲಿ 1943ರಲ್ಲಿ, ಬಾಂಬು ಬಿದ್ದರೆ ಪ್ರಾಣಿಗಳು ಊರಿಗೆ ನುಗ್ಗಿಯಾವು ಎಂಬ ಕಾರಣ ಕೊಟ್ಟು, ಸಿಂಹ, ಚಿರತೆ, ಕರಡಿಗಳನ್ನು ಕೊಲ್ಲಿಸಿದರು. ಆನೆಗಳು ಮೂರಿದ್ದವು. ವಿಷ ಹಾಕಿದ ಆಲೂಗಡ್ಡೆಯನ್ನು ಆನೆ ಮುಟ್ಟಲಿಲ್ಲ. ಕೊನೆಗೆ ಮೂರನ್ನೂ ಉಪವಾಸ ಕೆಡವಿ ಸಾಯಿಸಿದರು. ಯುದ್ಧದ ಕಾಲದಲ್ಲಿ ಬೆಳೆದ ಮಕ್ಕಳು ಆನೆಯನ್ನು ಚಿತ್ರದಲ್ಲಷ್ಟೇ ಕಂಡಿದ್ದರು. ದೇಶದಲ್ಲಿ ಆನೆ ಉಳಿದಿದ್ದದ್ದು ನಗೋಯಾದಲ್ಲಿ ಮಾತ್ರ. ಅದನ್ನು ನೋಡಲೆಂದೇ ಮಕ್ಕಳಿಗೆ ವಿಶೇಷ ರೈಲು ಬಿಟ್ಟರು. ನಮಗೂ ಒಂದು ಆನೆ ಕಳಿಸಿ ಎಂದು ಟೋಕಿಯೋದ ಮಕ್ಕಳು ಜವಾಹರಲಾಲ್ ನೆಹರೂ ಅವರಿಗೆ ಬರೆದ ಎಂಟುನೂರಕ್ಕೂ ಹೆಚ್ಚು ಪತ್ರಗಳು ದಿಲ್ಲಿ ತಲುಪಿದವು.

ನೆಹರೂ ಒಪ್ಪಿದರು. ಆರಿಸಿದ್ದು ಮೈಸೂರಿನ ಹದಿನೈದು ವರ್ಷದ ಹೆಣ್ಣಾನೆ; ಇಟ್ಟದ್ದು ಮಗಳ ಹೆಸರು. 1949ರ ಸೆಪ್ಟೆಂಬರಿನಲ್ಲಿ ಇಂದಿರಾ ಹಡಗಿನಲ್ಲಿ ಟೋಕಿಯೋ ತಲುಪಿದಳು. ಊಯೆನೋದವರಿಗೆ ಒಂದು ತೊಡಕು ಎದುರಾಯಿತು: ಆನೆಗೆ ತಿಳಿಯುತ್ತಿದ್ದದ್ದು ಕನ್ನಡ. ಮಾವುತ ಕತ್ತಿನ ಮೇಲೆ ಕೂತು, ಕಿವಿಯ ಹಿಂದೆ ಕಾಲ್ಬೆರಳೊತ್ತಿ, ಜೊತೆಗೇ ಒಂದು ಮಾತು ಹೇಳಿದರೆ ನಡೆಯುವ, ನಿಲ್ಲುವ, ಕಾಲೆತ್ತುವ ಪ್ರಾಣಿ ಅದು. ಕಾಲ್ಬೆರಳೊಂದೇ ಸಾಲದು, ಮಾತೂ ಬೇಕು. ಜೊತೆಗೆ ಹೋಗಿದ್ದ ಮಾವುತರು ಊರಿಗೆ ಮರಳುವ ಮುನ್ನ ಜಪಾನಿ ಪಾಲಕರು ಆ ಮಾತುಗಳನ್ನು ಕಲಿಯಬೇಕಾಯಿತು. ಯುದ್ಧದಲ್ಲಿ ಸೋತ ರಾಜಧಾನಿಯಲ್ಲಿ ನಿಂತು ಒಬ್ಬ ಜಪಾನೀಯ ಆನೆಗೆ ಕನ್ನಡದಲ್ಲಿ ಹೇಳುವುದನ್ನು ಕಲ್ಪಿಸಿಕೊಳ್ಳಿ! ಕನ್ನಡದ ಕೀರ್ತಿಪತಾಕೆ ಹಾರಿಸುವ ಭಾಷಣಗಳಲ್ಲಿ ಇದು ಯಾಕೆ ಬರುವುದಿಲ್ಲವೋ!

ಮರುವರ್ಷ ಇಂದಿರಾಳನ್ನು ಜಪಾನಿನ ಊರೂರಿಗೆ ಕರೆದೊಯ್ದು ತೋರಿಸಿದರು. 1957ರಲ್ಲಿ ನೆಹರೂ ಮಗಳೊಂದಿಗೆ ಜಪಾನಿಗೆ ಹೋದಾಗ ಇಬ್ಬರೂ ಊಯೆನೋಗೆ ಹೋಗಿ ಆನೆಯನ್ನು ಕಂಡರು. 1983ರಲ್ಲಿ ಆನೆ ಇಂದಿರಾ ಸತ್ತಾಗ ಇಂದಿರಾ ಗಾಂಧಿ ಪ್ರಧಾನಿಯಾಗಿದ್ದರು.

ಇನ್ನೊಬ್ಬಳು ಅಂಬಿಕಾ, ಕೊಡಗಿನವಳು. ಸುಮಾರು 1948ರಲ್ಲಿ ಹುಟ್ಟಿ, ಎಂಟರ ಪ್ರಾಯದಲ್ಲಿ ಕೊಡಗಿನ ಕಾಡಿನಲ್ಲಿ ಸೆರೆಸಿಕ್ಕು, ದಿಮ್ಮಿ ಎಳೆಯುತ್ತಿದ್ದಳು. 1961ರಲ್ಲಿ ಭಾರತದ ಮಕ್ಕಳ ಉಡುಗೊರೆಯೆಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯಕ್ಕೆ ಹೋದಳು. ಅಲ್ಲಿ ಸುಮಾರು ಅರವತ್ತು ವರ್ಷ ಬಾಳಿ, 2020ರ ಮಾರ್ಚ್‌ನಲ್ಲಿ ತೀರಿಕೊಂಡಳು. ಸಂಧಿವಾತಕ್ಕೆ ಮದ್ದು ನಡೆದಿತ್ತು. ಪ್ರಾಯ ಎಪ್ಪತ್ತೆರಡರ ಹತ್ತಿರ, ಆನೆಗೆ ಅದು ದೊಡ್ಡ ಆಯುಷ್ಯವೇ. ಅಂಬಿಕಾಗೆ ಹೆಸರು ಬಂದದ್ದು ಒಂಟಿತನದಿಂದಲ್ಲ, ಮುಪ್ಪಿನಿಂದ ಎಂಬುದನ್ನೂ ಹೇಳಬೇಕು.

ಇಂಥ ಆನೆಗಳು ನಮ್ಮಲ್ಲಿ ಸಿಗುತ್ತಿದ್ದ ಬಗೆ ಖೆಡ್ಡಾ. ಮೈಸೂರು ಸೀಮೆಯಲ್ಲಿ ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ 1870ರ ದಶಕದಲ್ಲಿ ಶುರುಮಾಡಿದ್ದು, ತಮಟೆ, ಬೆಂಕಿ, ಕೂಗಾಟದಿಂದ ಹಿಂಡನ್ನೇ ಅಟ್ಟಿ ಮರದ ಬೇಲಿಯೊಳಗೆ ಕೂಡಿಹಾಕುವ ಕೆಲಸ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ, ಕಾಕನಕೋಟೆಯ ಕಾಡಿನಲ್ಲಿ. ಆ ಜಾಗ ಈಗ ಕಬಿನಿ ಹಿನ್ನೀರಿನಡಿ.

ಹೋಗಲಾಗದೆ ಉಳಿದವಳೂ ಒಬ್ಬಳಿದ್ದಳು. ಮೈಸೂರು ಝೂನ ಕೋಮಲಾ ಅರ್ಮೇನಿಯಾದ ಯೆರೆವಾನ್‌ಗೆ ಹೊರಡಬೇಕಿತ್ತು; ಅಲ್ಲಿನ ಗಂಡಾನೆ ಜೊತೆಗಾತಿಗಾಗಿ ಕಾದಿತ್ತು. 2004ರ ಸೆಪ್ಟೆಂಬರಿನಲ್ಲಿ ಝೂನ ಗಣೇಶ, ರೂಪಾ ಎಂಬೆರಡು ಆನೆಗಳು ಸತ್ತವು. ಅಕ್ಟೋಬರಿನಲ್ಲಿ, ಪ್ರಯಾಣಕ್ಕೆ ಮುನ್ನವೇ, ಕೋಮಲಾ ಕೂಡ. ವಿಷ ಉಣಿಸಿದ್ದರು. ಝೂನ ಚರಿತ್ರೆಯಲ್ಲಿ ಅದಕ್ಕಿಂತ ಕೆಟ್ಟ ಕಾಲವಿಲ್ಲ. ಆಮೇಲೆ ಕಾವಲು ಬಿಗಿಯಾಯಿತು.

ಕೊಡು–ಕೊಳ್ಳುವಿಕೆ ನಿಂತಿಲ್ಲ. 2021ರಲ್ಲಿ ಮೈಸೂರಿನಿಂದ ಮೂರು ಆನೆಗಳು ಜಪಾನಿನ ಟೊಯೊಹಾಶಿಗೆ ಹೋದವು. 2025ರ ಜುಲೈಯಲ್ಲಿ ಬನ್ನೇರುಘಟ್ಟದಿಂದ ಸುರೇಶ, ಗೌರಿ, ಶ್ರುತಿ, ತುಳಸಿ ವಿಮಾನದಲ್ಲಿ ಹಿಮೇಜಿಗೆ ಹಾರಿದವು. ಬದಲಿಗೆ ಚೀತಾ, ಜಾಗ್ವಾರ್, ಪೂಮಾ, ಚಿಂಪಾಂಜಿಗಳು ಎಂಬ ಒಪ್ಪಂದ. ಉಡುಗೊರೆಯ ಕಾಲ ಹೋಯಿತು, ಈಗ ವಿನಿಮಯ. ಯಾವುದೂ ಒಂಟಿಯಾಗದಂತೆ ನಾಲ್ಕನ್ನು ಒಟ್ಟಿಗೇ ಕಳಿಸಿದ್ದು ನನಗೆ ಹಿಡಿಸಿತು.

ನಮ್ಮ ಅಲೆವೂರಿನವರಿಗೆ ಹತ್ತಿರದ್ದು ಮೈಸೂರಲ್ಲ, ಪಿಲಿಕುಳ. ಕಾರ್ಕಳ, ಮೂಡುಬಿದಿರೆ, ಗುರುಪುರ ದಾಟಿದರೆ ವಾಮಂಜೂರಿನ ಬಳಿ ಸಿಗುತ್ತದೆ. ಶಿವರಾಮ ಕಾರಂತರ ಹೆಸರು ಹೊತ್ತ ನಿಸರ್ಗಧಾಮ. ಅಲ್ಲಿ ಪೋಲೋನಂಥ ತಾರೆಯಿಲ್ಲ. ಆದರೆ ಕಾಳಿಂಗ ಸರ್ಪವನ್ನು ಕೂಡಿಟ್ಟ ಸ್ಥಿತಿಯಲ್ಲೇ ಮೊಟ್ಟೆಯಿಡಿಸಿ ಮರಿ ಮಾಡಿಸಿದ ಹೆಗ್ಗಳಿಕೆ ಪಿಲಿಕುಳದ್ದು. ಒಣಗಿದ ತರಗೆಲೆಯನ್ನು ಮೈಯಿಂದ ಬಾಚಿ ಗುಡ್ಡೆಹಾಕಿ ಗೂಡು ಕಟ್ಟುವ ಹಾವು ಅದೊಂದೇ. ಹೆಬ್ರಿ, ಕಾರ್ಕಳ ಬದಿಯ ತೋಟದವರಿಗೆ ಇದು ಹೊಸದೇನಲ್ಲ ಬಿಡಿ.

ಪೋಲೋ ಹೋಗಿ ಏಳು ವರ್ಷದ ಮೇಲೆ, 2021ರ ಆಗಸ್ಟಿನಲ್ಲಿ, ಮೈಸೂರಿಗೆ ಜರ್ಮನಿಯಿಂದ ಮತ್ತೆ ಗೊರಿಲ್ಲಾ ಬಂತು. ಈ ಸಲ ಇಬ್ಬರು: ಹದಿನಾಲ್ಕರ ತಾಬೋ, ಎಂಟರ ಡೆಂಬಾ. ಇಬ್ಬರೂ ಗಂಡು. ಇನ್ಫೋಸಿಸ್ ಪ್ರತಿಷ್ಠಾನ ಅವರಿಗೆ ಹೊಸ ಆವರಣ ಕಟ್ಟಿಸಿಕೊಟ್ಟಿದೆ. ಮಂಗಳವಾರ ಝೂಗೆ ರಜೆ. ಪ್ರವಾಸ ಹಾಕುವ ಮೇಷ್ಟ್ರು ಇದನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಇಬ್ಬರಲ್ಲಿ ಯಾರು ಯಾರೆಂದು ಮಕ್ಕಳು ಕೇಳಿದರೆ ಮೂಗು ತೋರಿಸಿ. ನಮ್ಮ ಬೆರಳ ಗುರುತಿನ ಹಾಗೆ ಗೊರಿಲ್ಲಾಗಳ ಮೂಗಿನ ಮೇಲಿನ ಗೆರೆಗಳು ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಅವುಗಳನ್ನು ಅಧ್ಯಯನ ಮಾಡುವವರು ಕಾಡಿನಲ್ಲೂ ಗುರುತು ಹಿಡಿಯುವುದು ಮೂಗು ನೋಡಿಯೇ.