ಬಿಡದ ಚಕ್ರದ ಬೇನೆ ಹಿಡಿಯುವವರು

ನೆಲಮಂಗಲದಲ್ಲಿ ಹೆದ್ದಾರಿ ಎರಡಾಗುತ್ತದೆ. ಒಂದು ತುಮಕೂರಿನ ಮೇಲೆ ಪುಣೆಯ ಕಡೆಗೆ, ಇನ್ನೊಂದು ಕುಣಿಗಲ್, ಹಾಸನ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ. ತುಮಕೂರಿನ ದಾರಿಯಲ್ಲೇ ಮುಂದೆ, ಡಾಬಸ್‌ಪೇಟೆಯಲ್ಲಿ, ಮತ್ತೊಂದು ರಸ್ತೆ ಬಲಕ್ಕೆ ಹೊರಳಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಪೋಣಿಸಿಕೊಂಡು ಹೊಸೂರು ಸೇರುತ್ತದೆ. ಈಗ ಅದು 648, ಹಳೆಯ ಡ್ರೈವರುಗಳ ಬಾಯಲ್ಲಿ ಇನ್ನೂ 207. ಬೆಂಗಳೂರಿನೊಳಗೆ ನುಗ್ಗದೆ ಊರು ಬಳಸಿ ಹೋಗುವ ಲಾರಿಗಳಿಗೆ ಅದೇ ಸುತ್ತುದಾರಿ.

ಈ ರಸ್ತೆಗಳ ಬದಿಯ ತಗಡಿನ ಶೆಡ್ಡುಗಳಲ್ಲಿ ಎಂಜಿನ್ ಕೆಲಸದವರು, ಪಂಚರ್‌ನವರು, ಬಾಡಿ ಕಟ್ಟುವವರು, ವೆಲ್ಡಿಂಗ್‌ನವರು ಎಲ್ಲರೂ ಇದ್ದಾರೆ. ಅವರ ನಡುವೆ ಬ್ರೇಕ್ ಕೆಲಸದ ಮೇಸ್ತ್ರಿಗಳದ್ದು ಸದ್ದಿಲ್ಲದ ಕಸುಬು. ಬ್ರೇಕ್ ಹಿಡಿಯದಿದ್ದರೆ ಯಾರಿಗಾದರೂ ತಿಳಿಯುತ್ತದೆ. ಹಿಡಿದ ಬ್ರೇಕ್ ಬಿಡದಿದ್ದರೆ ಅದು ಏಕೆಂದು ಕಂಡುಹಿಡಿಯುವುದು ಕಷ್ಟ, ಅದರಲ್ಲೂ ಹಳೆಯ ಲಾರಿಯ ಹಿಂದಿನ ಚಕ್ರದಲ್ಲಿ. ಹೊಸಕೋಟೆಯ ವೋಲ್ವೊ ಕಾರ್ಖಾನೆ 1998ರಿಂದ ದೊಡ್ಡ ಲಾರಿಗಳನ್ನು ತಯಾರಿಸುತ್ತಿದೆ. ಅದೇ ತಾಲ್ಲೂಕಿನ ಹಳ್ಳಿಗಳಲ್ಲಿ ಇಟ್ಟಿಗೆ, ಜಲ್ಲಿ, ನೀಲಗಿರಿ ಕಟ್ಟಿಗೆ ಹೊರುವ ಹಳೆಯ ಲೇಲ್ಯಾಂಡುಗಳೂ 1986ರಲ್ಲಿ ಬಂದ ಟಾಟಾ 407ರ ಸಂತತಿಯೂ ಇನ್ನೂ ದುಡಿಯುತ್ತಿವೆ. ಅವು ರಸ್ತೆಯ ಮೇಲಿರುವುದು ಈ ಮೇಸ್ತ್ರಿಗಳಿಂದ.

ಡ್ರಮ್ ಬ್ರೇಕಿನ ತತ್ವ ಸರಳ. ಫ್ರಾನ್ಸಿನ ಲೂಯಿ ರೆನೊ 1902ರಲ್ಲಿ ರೂಪಿಸಿದ ಮಾದರಿಯೇ ಇಂದಿಗೂ ಮೂಲ. ಚಕ್ರದ ಜೊತೆ ತಿರುಗುವ ಎರಕದ ಡ್ರಮ್ಮು, ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂ, ಶೂಗಳ ಮೇಲೆ ಲೈನರ್. ಪೆಡಲ್ ತುಳಿದಾಗ ಶೂಗಳು ಅಗಲಿಸಿ ಡ್ರಮ್ಮಿಗೆ ಒತ್ತುತ್ತವೆ. ಅಗಲಿಸುವುದಕ್ಕೆ ಬ್ರೇಕ್ ಆಯಿಲಿನ ಅಥವಾ ಗಾಳಿಯ ಬಲ ಇದೆ. ವಾಪಸು ಎಳೆಯುವುದಕ್ಕೆ ಇರುವುದು ಒಂದು ರಿಟರ್ನ್ ಸ್ಪ್ರಿಂಗು ಮಾತ್ರ. ಹಿಡಿಯುವ ಬಲ ದೊಡ್ಡದು, ಬಿಡಿಸುವ ಬಲ ಸಣ್ಣದು. ಎಲ್ಲೋ ಒಂದೆಡೆ ತುಕ್ಕೋ ಕೊಳೆಯೋ ಸೇರಿದರೆ ಮೊದಲು ಸೋಲುವುದು ಆ ಸ್ಪ್ರಿಂಗು.

ಡ್ರೈವರ್ ಬಂದು ಹೇಳುವ ಮೊದಲ ಮಾತಿನಲ್ಲಿ ಸಾಮಾನ್ಯವಾಗಿ ಬ್ರೇಕಿನ ಹೆಸರೇ ಇರುವುದಿಲ್ಲ. “ಗಾಡಿ ಎಳೀತಾ ಇಲ್ಲ ಮೇಸ್ತ್ರಿ, ಆವರೇಜ್ ಬೀಳ್ತಾ ಇದೆ.” ಅಷ್ಟಕ್ಕೇ ಡೀಸೆಲ್ ಪಂಪು ಬಿಚ್ಚಿಸಿ, ಕ್ಲಚ್ ಪ್ಲೇಟು ಬದಲಿಸಿ ಹಣ ಕಳೆದುಕೊಂಡವರಿದ್ದಾರೆ. ಬಲ್ಲ ಮೇಸ್ತ್ರಿ ಮೊದಲು ಸಣ್ಣ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿಸಿ ನೋಡುತ್ತಾನೆ. ತಾನಾಗಿ ಉರುಳದಿದ್ದರೆ ಎಂಜಿನ್ನಿನ ಮಾತು ಅಲ್ಲಿಗೇ ಬಿಟ್ಟು ಚಕ್ರಗಳ ಕಡೆ ನಡೆಯುತ್ತಾನೆ.

ಎಂಟು ಹತ್ತು ಕಿಲೋಮೀಟರು ಓಡಿ ಬಂದ ಗಾಡಿಯ ಡ್ರಮ್ಮಿನ ಹತ್ತಿರ, ಮುಟ್ಟದಂತೆ, ಅಂಗೈಯ ಹಿಂಬದಿ ಹಿಡಿಯುವುದು ಮೊದಲ ಪರೀಕ್ಷೆ. ಎಡಗಡೆ, ಬಲಗಡೆ, ಮತ್ತೆ ಎಡಗಡೆ. ಬಿಸಿ ಎಷ್ಟಿದೆ ಅನ್ನುವುದಕ್ಕಿಂತ ಎರಡು ಬದಿಯ ಬಿಸಿಯಲ್ಲಿ ಎಷ್ಟು ಅಂತರ ಅನ್ನುವುದೇ ಮುಖ್ಯ. ಡ್ರಮ್ಮಿಗಿಂತ ನಡುವಿನ ಹಬ್ಬೇ ಹೆಚ್ಚು ಸುಡುತ್ತಿದ್ದರೆ ಬೇರಿಂಗಿನ ಮೇಲೆ ಅನುಮಾನ. ಸುಟ್ಟ ಲೈನರಿನ ವಾಸನೆ ಕಟುವಾದದ್ದು, ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಹೊಗೆ ಕಂಡ ಗಾಬರಿಯಲ್ಲಿ ಕ್ಲೀನರ್ ಹುಡುಗರು ಬಕೆಟ್ ನೀರು ಸುರಿಯುತ್ತಾರೆ. ಕಾದ ಎರಕಕ್ಕೆ ತಣ್ಣೀರು ಬಿದ್ದರೆ ಡ್ರಮ್ಮು ಬಿರುಕು ಬಿಡಬಹುದು. ಬೆಂಕಿ ಹತ್ತಿಲ್ಲವಾದರೆ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಯದೆ ತಾನಾಗಿ ಆರಲು ಬಿಡಬೇಕು.

ಇನ್ನು ಮುಂದಿನದೇ ನಿಜವಾದ ವಿದ್ಯೆ. ಹಿಡಿದಿರುವುದು ಒಂದು ಚಕ್ರವೋ, ಹಿಂದಿನ ಎರಡೂ ಬದಿಯೋ, ಅಥವಾ ಇಡೀ ಗಾಡಿಯೋ? ಈ ಒಂದು ಪ್ರಶ್ನೆಯಲ್ಲಿ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. 407ರಂಥ ಆಯಿಲ್ ಬ್ರೇಕಿನ ಗಾಡಿಯಲ್ಲಿ ನಾಲ್ಕೂ ಕಡೆ ಹಿಡಿದಿದ್ದರೆ ತಪ್ಪು ಮೇಲೆಯೇ ಇದೆ: ಪೆಡಲಿಗೆ ಫ್ರೀ ಪ್ಲೇ ಇಲ್ಲ, ಇಲ್ಲವೇ ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ವಾಪಸಾಗುವ ಸಣ್ಣ ರಂಧ್ರ ಕಟ್ಟಿದೆ. ಒಂದೇ ಚಕ್ರವಾದರೆ ವೀಲ್ ಸಿಲಿಂಡರಿನ ಪಿಸ್ಟನ್ನು ತುಕ್ಕು ಹಿಡಿದಿರಬಹುದು, ಸ್ಪ್ರಿಂಗು ಮುರಿದಿರಬಹುದು. ಹಿಂದಿನ ಎರಡೂ ಹಿಡಿದಿದ್ದರೆ ಎರಡಕ್ಕೂ ಸಮಾನವಾದದ್ದನ್ನು ಹುಡುಕಬೇಕು. ಹ್ಯಾಂಡ್‌ಬ್ರೇಕ್ ಹಿಂದಿನ ಶೂಗಳಿಗೇ ಬರುವ ಗಾಡಿಯಾದರೆ ಅದರ ಕೇಬಲ್ಲು ಒಂದು. ಚಾಸಿಯಿಂದ ಹಿಂದಿನ ಹೌಸಿಂಗಿಗೆ ಇಳಿಯುವ ರಬ್ಬರ್ ಹೋಸ್ ಪೈಪು ಇನ್ನೊಂದು.

ಈ ಹೋಸ್ ಪೈಪು ಮೋಸಗಾರ. ಹೊರಗಿನಿಂದ ಹೊಳೆಯುತ್ತಿರುತ್ತದೆ, ಒಳಗೆ ರಬ್ಬರು ಊದಿ ದಾರಿ ಕಿರಿದಾಗಿರುತ್ತದೆ. ತುಳಿದಾಗ ಜೋರಿಗೆ ಆಯಿಲ್ ದಾಟಿಹೋಗುತ್ತದೆ. ಕಾಲು ತೆಗೆದಾಗ ಅದನ್ನು ಹಿಂದಕ್ಕೆ ತಳ್ಳುವಷ್ಟು ಶಕ್ತಿ ಸ್ಪ್ರಿಂಗಿಗಿಲ್ಲ. ಇದನ್ನು ಪತ್ತೆ ಮಾಡುವ ರೀತಿ ನನಗೆ ಬಹಳ ಮೆಚ್ಚುಗೆ, ಏಕೆಂದರೆ ಅದಕ್ಕೆ ಯಾವ ಯಂತ್ರವೂ ಬೇಡ. ಗಾಡಿಯನ್ನು ಜಾಕಿಯಿಂದ ಎತ್ತಿ, ಜಾಕಿಯೊಂದನ್ನೇ ನಂಬದೆ ಕೆಳಗೆ ಸ್ಟ್ಯಾಂಡ್ ಕೊಟ್ಟು, ಬ್ರೇಕ್ ಒಮ್ಮೆ ತುಳಿಸಿ ಬಿಡಿಸುತ್ತಾರೆ. ಚಕ್ರ ಕೈಗೆ ತಿರುಗದಿದ್ದಾಗ ಬ್ಲೀಡರ್ ನಟ್ಟನ್ನು ಕೊಂಚ ಸಡಿಲಿಸುತ್ತಾರೆ. ಆಯಿಲ್ ಚಿಮ್ಮಿ ಚಕ್ರ ತಿರುಗಿತೆಂದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು. ಚಿಮ್ಮದೆ ಚಕ್ರ ಹಿಡಿದೇ ಇದ್ದರೆ ತಪ್ಪು ಡ್ರಮ್ಮಿನೊಳಗೆ ಅಥವಾ ಕೇಬಲ್ಲಿನಲ್ಲಿ. ಒತ್ತಡ ಸಿಕ್ಕಿಕೊಂಡಿದ್ದರೆ ಮತ್ತೆ ತುಳಿದು, ಈ ಸಲ ಮಾಸ್ಟರ್ ಸಿಲಿಂಡರಿನ ಬಳಿಯ ಪೈಪು ಸಡಿಲಿಸಿ ನೋಡುತ್ತಾರೆ. ಅಲ್ಲಿ ಸಡಿಲಿಸಿದಾಗ ಚಕ್ರ ಬಿಟ್ಟರೆ ರೋಗ ಮಾಸ್ಟರಿನದು ಅಥವಾ ಪೆಡಲಿನದು. ಅಲ್ಲಿ ಬಿಡದೆ ಚಕ್ರದ ಬಳಿ ಮಾತ್ರ ಬಿಟ್ಟರೆ ನಡುವಿನ ಹೋಸ್ ಪೈಪು. ಬ್ರೇಕ್ ಆಯಿಲ್ ತೀರಿತೆಂದು ಯಾರೋ ಎಂಜಿನ್ ಆಯಿಲ್ ಸುರಿದಿದ್ದರೆ ಮಾತ್ರ ಕಥೆ ಬೇರೆ. ಆಗ ವಾಷರುಗಳೆಲ್ಲ ಊದಿಕೊಂಡು ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ದೊಡ್ಡ ಲಾರಿಗಳದ್ದು ಗಾಳಿ ಬ್ರೇಕು. ಗಾಳಿ ಚೇಂಬರಿನ ರಬ್ಬರ್ ಡಯಾಫ್ರಂ ಒಂದು ಸರಳನ್ನು ತಳ್ಳುತ್ತದೆ, ಸರಳು ಸ್ಲ್ಯಾಕ್ ಅಡ್ಜಸ್ಟರನ್ನು ತಿರುಗಿಸುತ್ತದೆ, ಅದರ ತುದಿಯ ಎಸ್ ಆಕಾರದ ಕ್ಯಾಮು ಶೂಗಳನ್ನು ಅಗಲಿಸುತ್ತದೆ. ಇಲ್ಲಿ ಪರೀಕ್ಷೆ ಕಣ್ಣಿನದು. ಒಬ್ಬ ಪೆಡಲ್ ತುಳಿದು ಬಿಡುತ್ತಾನೆ, ಇನ್ನೊಬ್ಬ ಗಾಡಿಯ ಕೆಳಗೆ ಸರಳು ಪೂರ್ತಿ ವಾಪಸಾಯಿತೇ ಎಂದು ನೋಡುತ್ತಾನೆ. ಆಗದಿದ್ದರೆ ಚೇಂಬರಿನ ಗಾಳಿ ಪೈಪು ಬಿಚ್ಚುತ್ತಾರೆ. ಆಗ ವಾಪಸು ಹೋದರೆ ಗಾಳಿ ಬಿಡಬೇಕಾದ ವಾಲ್ವು ಕಟ್ಟಿದೆ. ಆಗಲೂ ಹೋಗದಿದ್ದರೆ ಪಿನ್ ತೆಗೆದು ಕ್ಯಾಮನ್ನೇ ತಿರುಗಿಸಿ ನೋಡಬೇಕು. ಹಳೆಯ ಲಾರಿಗಳಲ್ಲಿ ಹಲವು ಸಲ ಸಿಗುವುದು ಇದೇ: ಗ್ರೀಸ್ ಕಾಣದೆ ಒಣಗಿದ ಕ್ಯಾಮ್ ಬುಷ್. ಸ್ಲ್ಯಾಕನ್ನು ಅತಿಯಾಗಿ ಬಿಗಿದದ್ದೂ ಒಂದು ಕಾರಣ. ಚಕ್ರ ನಿಲ್ಲುವವರೆಗೆ ಬಿಗಿದು, ಅಲ್ಲಿಂದ ಕಾಲು ಅಥವಾ ಅರ್ಧ ಸುತ್ತು ಸಡಿಲಿಸುವುದು ಹಳೆಯ ಕೈ ಅಡ್ಜಸ್ಟರಿನ ಪದ್ಧತಿ. ಆ ಸಡಿಲಿಸುವುದನ್ನು ಮರೆತರೆ ಹೊಸ ಲೈನರು ಕೆಲವೇ ದಿನಕ್ಕೆ ಸುಡುತ್ತದೆ.

ಹಿಂದಿನ ಚಕ್ರದ ಜೋಡಿ ಚೇಂಬರಿನಲ್ಲಿ ಪಾರ್ಕಿಂಗಿಗೆಂದು ಬಲವಾದ ಸ್ಪ್ರಿಂಗು ಕೂತಿರುತ್ತದೆ. ಗಾಳಿ ಅದನ್ನು ಒತ್ತಿಹಿಡಿದಿದ್ದರೆ ಮಾತ್ರ ಚಕ್ರ ಮುಕ್ತ. ಗಾಳಿ ಹೋದರೆ ಬ್ರೇಕ್ ಬೀಳಬೇಕು ಎಂಬ ಈ ಜಾಣತನ ರೈಲಿನಿಂದ ಬಂದದ್ದು, 1872ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಅದನ್ನು ಸಾಧಿಸಿದ್ದ. ಟ್ಯಾಂಕಿನಲ್ಲಿ ಸಾಮಾನ್ಯವಾಗಿ 7–8 ಬಾರ್ ಗಾಳಿ ಇರಬೇಕು. ಸುಮಾರು 5 ಬಾರ್‌ಗಿಂತ ಇಳಿದರೆ ಸ್ಪ್ರಿಂಗು ಅರೆಬರೆ ಬಿಟ್ಟು ಶೂ ಸವರತೊಡಗುತ್ತದೆ. ಮುಂಜಾನೆ ಗಾಳಿ ತುಂಬುವ ಮೊದಲೇ ಹೊರಡುವ ಅವಸರದ ಡ್ರೈವರು ಲೈನರನ್ನು ತಾನೇ ಸುಡುತ್ತಾನೆ. ಆ ಸ್ಪ್ರಿಂಗಿನ ಡಬ್ಬಿಯನ್ನು ಗ್ಯಾರೇಜಿನಲ್ಲಿ ಬಿಚ್ಚಲೇಬಾರದು. ಕ್ಲ್ಯಾಂಪ್ ತೆಗೆದ ಕ್ಷಣ ಅದು ಗುಂಡಿನಂತೆ ಹಾರಿ ಜೀವ ತೆಗೆಯಬಲ್ಲದು. ಬೋಲ್ಟ್ ಹಾಕಿ ಸ್ಪ್ರಿಂಗನ್ನು ಕಟ್ಟಿಹಾಕಿ ಇಡೀ ಚೇಂಬರನ್ನೇ ಬದಲಿಸುವುದು ಸರಿಯಾದ ಕ್ರಮ. ಸೇರಿದ ಮೊದಲ ದಿನವೇ ಹುಡುಗರಿಗೆ ಇದನ್ನು ಹೇಳಿಕೊಡಬೇಕು.

ಧೂಳಿನ ವಿಷಯವನ್ನೂ ಹೇಳಲೇಬೇಕು. ಡ್ರಮ್ ತೆಗೆದ ಕೂಡಲೇ ಕಂಪ್ರೆಸರ್ ಗಾಳಿ ಹೊಡೆದು ಶೂ ಸ್ವಚ್ಛ ಮಾಡುವ ಅಭ್ಯಾಸ ಇದೆ. ಹಿಂದಿನ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಈಗಿನ ಅಗ್ಗದ ಮಾಲಿನಲ್ಲಿ ಏನಿದೆಯೆಂದು ನೋಡಿ ಹೇಳಲಾಗದು. ಕಲ್ನಾರಿನ ಎಳೆ ಶ್ವಾಸಕೋಶದಲ್ಲಿ ಕೂತು ದಶಕಗಳ ನಂತರ ಕ್ಯಾನ್ಸರ್ ತರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದಕ್ಕೆ ಖರ್ಚಿಲ್ಲ. ಹದಿನೆಂಟರ ಹುಡುಗನ ಎದೆಗೆ ಈ ಧೂಳು ಹೋಗುವುದನ್ನು ನೋಡುತ್ತ ಸುಮ್ಮನಿರುವುದು ನನಗೆ ಆಗದು.

ಬೆಂಗಳೂರಿನ ಅಂಚಿನಲ್ಲಿ ಬೇರೊಂದು ಬಗೆಯ ರೋಗಿಯೂ ಉಂಟು, ನೀರಿನ ಟ್ಯಾಂಕರು. ದೂರದ ಸರಕಿಗೆ ಒಗ್ಗದ ಮುದಿ ಲಾರಿಗಳಿಗೆ ಕೊನೆಯ ಉದ್ಯೋಗ ಅದು. ಬೇಸಿಗೆಯಲ್ಲಿ ಬಿಡುವಿಲ್ಲದ ಓಟ, ಮಳೆಗಾಲದಲ್ಲಿ ಬಯಲಲ್ಲಿ ವಾರಗಟ್ಟಲೆ ನಿಲುಗಡೆ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಒದ್ದೆ ಶೂ ತುಕ್ಕಿನಿಂದ ಡ್ರಮ್ಮಿಗೇ ಅಂಟಿಕೊಳ್ಳುತ್ತದೆ. ಫಸ್ಟ್ ಗೇರಿನಲ್ಲಿ ಬಲವಂತವಾಗಿ ಎಳೆದರೆ ಲೈನರು ಶೂವಿನಿಂದ ಕಿತ್ತುಬರಬಹುದು. ಡ್ರಮ್ಮಿಗೆ ಸುತ್ತಿಗೆಯಿಂದ ಹದವಾಗಿ ತಟ್ಟಿ ಬಿಡಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಮಟ್ಟವಾದ ನೆಲದಲ್ಲಿ ಚಕ್ರಕ್ಕೆ ಕಟ್ಟೆ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ನಿಲ್ಲಿಸುವುದು ಒಳ್ಳೆಯದು. ಆಯುಧಪೂಜೆಗೆ ಗಾಡಿ ತೊಳೆದವರೂ ಸ್ವಲ್ಪ ದೂರ ಓಡಿಸಿ, ಮೆಲ್ಲಗೆ ಬ್ರೇಕ್ ತುಳಿದು ಶೂ ಒಣಗಿಸಿಯೇ ನಿಲ್ಲಿಸಬೇಕು.

8 ವರ್ಷ ದಾಟಿದ ಸರಕು ಗಾಡಿ ಪ್ರತಿವರ್ಷ ಫಿಟ್‌ನೆಸ್‌ಗೆ ಹೋಗಬೇಕು. ಕೆಎ 52ರ ನೆಲಮಂಗಲದ್ದಾಗಲಿ, ಕೆಎ 43ರ ದೇವನಹಳ್ಳಿಯದಾಗಲಿ, ನಿಯಮ ಒಂದೇ. ಆದರೆ ಚಕ್ರ ಹಿಡಿಯುವುದು ಲೋಡು ತುಂಬಿದ ರಾತ್ರಿಗಳಲ್ಲಿ, ನಡುದಾರಿಯಲ್ಲಿ. ಆಗ ಹಿಡಿದ ಚಕ್ರದ ಪೈಪು ಮುಚ್ಚಿ, ಉಳಿದ ಚಕ್ರಗಳ ಬ್ರೇಕಿನಲ್ಲೇ ಗಾಡಿ ಕಳಿಸುವ ಅಡ್ಡದಾರಿಯೊಂದಿದೆ. ಶಿರಾಡಿಯ ಇಳಿಜಾರಿನಲ್ಲಿ ಅಂಥ ಲಾರಿ ಒಂದು ಬದಿಗೆ ಎಳೆಯುತ್ತದೆ, ಉಳಿದ ಡ್ರಮ್ಮುಗಳು ಕಾದು ಬ್ರೇಕು ಸೋಲುತ್ತದೆ. ಡ್ರೈವರು ಎಷ್ಟು ಅಂಗಲಾಚಿದರೂ ಒಳ್ಳೆಯ ಮೇಸ್ತ್ರಿ ಇದಕ್ಕೆ ಒಪ್ಪುವುದಿಲ್ಲ. ರಿಪೇರಿ ಮುಗಿದ ಮೇಲೂ ಖಾಲಿ ಗಾಡಿಯನ್ನು ತಾನೇ ಒಂದಷ್ಟು ದೂರ ಓಡಿಸಿ ತಂದು, ಎರಡೂ ಬದಿಯ ಡ್ರಮ್ಮಿನ ಬಿಸಿ ಸಮ ಅನ್ನಿಸಿದ ಮೇಲೆಯೇ ಕೀಲಿ ಕೊಡುತ್ತಾನೆ.