ಎರಡು ಚೀಟಿ, ಎರಡು ಹೆಸರು

ಹೊನ್ನಾಳಿ, ನ್ಯಾಮತಿ, ಚನ್ನಗಿರಿಯವರು ದೊಡ್ಡಾಸ್ಪತ್ರೆಗೆಂದು ಹೊರಟರೆ ಒಂದು ಕಡೆ ಶಿವಮೊಗ್ಗ, ಇನ್ನೊಂದು ಕಡೆ ದಾವಣಗೆರೆ. ಜಗಳೂರಿನವರಿಗೆ ದಾವಣಗೆರೆಯ ಜೊತೆಗೆ ಚಿತ್ರದುರ್ಗವೂ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುನ್ನ ಈ ಊರುಗಳು ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳಲ್ಲಿದ್ದವು. ಆ ಒಡನಾಟ ಇನ್ನೂ ಬಿಟ್ಟಿಲ್ಲ. ಮೂಳೆ ಮುರಿದಾಗ ಇದರಿಂದ ತೊಂದರೆಯಿಲ್ಲ, ಎಕ್ಸ್-ರೇ ಎಲ್ಲಿ ತೆಗೆಸಿದರೂ ಒಂದೇ. ಮನಸ್ಸಿನ ಕಾಯಿಲೆಯಲ್ಲಿ ಹಾಗಲ್ಲ. ಒಂದೂರಿನ ಚೀಟಿಯಲ್ಲಿ ‘ಖಿನ್ನತೆ’, ಇನ್ನೊಂದೂರಿನದರಲ್ಲಿ ‘ಬೈಪೋಲಾರ್’, ಮನೆಯ ಹಿರಿಯರ ಬಾಯಲ್ಲಿ ‘ಗಾಳಿ ಸೋಕಿದೆ’. ವೈದ್ಯರಿಗೇ ಗೊತ್ತಾಗಿಲ್ಲವೆಂದು ಬೇಸತ್ತು ರೋಗಿ ಮಾತ್ರೆಯನ್ನೂ ಆಪ್ತಸಮಾಲೋಚನೆಯನ್ನೂ ಬಿಟ್ಟುಬಿಟ್ಟರೆ ಅಪಾಯ ಅಲ್ಲಿಂದ ಶುರುವಾಗುತ್ತದೆ.

ಹೆಸರುಗಳು ಬೇರೆಯಾಗುವುದೇಕೆ? ಈ ಕಾಯಿಲೆಗಳನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆಯಿಲ್ಲ. ಥೈರಾಯ್ಡ್ ಕೊರತೆಯೂ ಖಿನ್ನತೆಯಂತೆ ಕಾಣಬಹುದಾದ್ದರಿಂದ, ಅಂಥ ಕಾರಣ ಇಲ್ಲವೆಂದು ತಿಳಿಯಲು ಪರೀಕ್ಷೆ ಮಾಡಿಸುತ್ತಾರೆ, ಅಷ್ಟೆ. ಉಳಿದದ್ದು ರೋಗಿ ಮತ್ತು ಮನೆಯವರು ಹೇಳಿದ್ದರ ಮೇಲೆ, ವೈದ್ಯರು ಕಂಡದ್ದರ ಮೇಲೆ ನಿಂತಿದೆ. ಬೈಪೋಲಾರ್ ಕಾಯಿಲೆ ಎಷ್ಟೋ ಜನರಲ್ಲಿ ಖಿನ್ನತೆಯಾಗಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ನಿದ್ದೆಯಿಲ್ಲದೆಯೂ ದಣಿಯದೆ ಓಡಾಡಿದ, ಕೈಬಿಚ್ಚಿ ಸಾಲ ಮಾಡಿದ ದಿನಗಳನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ, ವೈದ್ಯರಿಗೆ ಹೇಳುವುದೂ ಇಲ್ಲ. ಆದರೆ ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಕೆರಳಬಹುದು. ಆದ್ದರಿಂದ ಹೆಸರಿನ ಪ್ರಶ್ನೆ ಬರಿಯ ಹೆಸರಿನದಲ್ಲ.

ಈ ತೊಡಕು ಹಳೆಯದು. ಜರ್ಮನಿಯ ಎಮಿಲ್ ಕ್ರೇಪೆಲಿನ್ 1899ರಲ್ಲಿ, ಈಗ ಸ್ಕಿಜೋಫ್ರೇನಿಯಾ ಎನ್ನುವ ಕಾಯಿಲೆಯನ್ನು ಉನ್ಮಾದ-ಖಿನ್ನತೆಯಿಂದ ಬೇರ್ಪಡಿಸಿದಾಗ ಆಧಾರವಾಗಿಟ್ಟುಕೊಂಡದ್ದು ಒಂದು ದಿನದ ಲಕ್ಷಣವನ್ನಲ್ಲ, ವರ್ಷಗಳ ಗತಿಯನ್ನು. 1972ರಲ್ಲಿ ಪ್ರಕಟವಾದ ಅಧ್ಯಯನವೊಂದು ನ್ಯೂಯಾರ್ಕ್ ಮತ್ತು ಲಂಡನ್ ಆಸ್ಪತ್ರೆಗಳನ್ನು ಹೋಲಿಸಿತು. ನ್ಯೂಯಾರ್ಕಿನ ವೈದ್ಯರು ಸ್ಕಿಜೋಫ್ರೇನಿಯಾ ಎಂದು ಬರೆಯುತ್ತಿದ್ದುದು ಬಹಳ ಹೆಚ್ಚು. ಒಂದೇ ಬಗೆಯ ಪ್ರಶ್ನಾವಳಿ ಹಿಡಿದು ಸಂಶೋಧಕರು ರೋಗಿಗಳನ್ನು ಮಾತಾಡಿಸಿದಾಗ ಆ ಅಂತರ ಬಹುಮಟ್ಟಿಗೆ ಕರಗಿತು. ವ್ಯತ್ಯಾಸವಿದ್ದದ್ದು ಹೆಚ್ಚಾಗಿ ವೈದ್ಯರ ರೂಢಿಯಲ್ಲಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ಎರಡು ಕಡೆಯಿಂದ ಆಸರೆ ಕೊಟ್ಟಿದೆ. ರೋಗನಿರ್ಣಯವು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂಥ ಒಪ್ಪಿತ ಮಾನದಂಡಗಳಂತೆ ನಡೆಯಬೇಕು. ತನ್ನ ಕಾಯಿಲೆ ಯಾವುದು, ಚಿಕಿತ್ಸೆ ಏನು ಎಂದು ಕೇಳಿ ತಿಳಿಯುವ, ಮೂಲ ದಾಖಲೆಗಳನ್ನು ಪಡೆಯುವ ಹಕ್ಕು ರೋಗಿಗಿದೆ.

ಹಾಗಾದರೆ ಮಾಡಬೇಕಾದ್ದೇನು? ಎರಡೂ ಊರಿನ ಚೀಟಿಗಳು ಒಂದೇ ಕಡತದಲ್ಲಿರಲಿ. ನಿದ್ದೆ, ಖರ್ಚು, ಸಿಟ್ಟು ಏರಿಳಿದ ದಿನಗಳನ್ನು ಮನೆಯವರು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ‘ಹಿಂದಿನವರು ಹೀಗೆ ಬರೆದಿದ್ದಾರಲ್ಲ, ನೀವು ಬೇರೆ ಹೇಳಲು ಕಾರಣವೇನು?’ ಎಂದು ಕೇಳುವುದು ಅವಿಧೇಯತೆಯಲ್ಲ. ಉತ್ತರ ಸಿಗುವವರೆಗೆ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಆಪ್ತಸಮಾಲೋಚಕರಿಗೂ ಎರಡು ಹೆಸರುಗಳ ವಿಷಯ ತಿಳಿಸಬೇಕು. ನಿದ್ದೆಗೆಟ್ಟ ರಾತ್ರಿ, ಮನೆಯ ಜಗಳ, ಬದುಕಿನ ಭಯಗಳನ್ನು ಕುರಿತ ಅವರ ಕೆಲಸ ಹೆಸರು ಇತ್ಯರ್ಥವಾಗುವವರೆಗೆ ಕಾಯಬೇಕಿಲ್ಲ. ದಾರಿ ತೋಚದಿದ್ದರೆ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಉಚಿತ ಸಂಖ್ಯೆ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.