ತೀರ್ಪು ಕೇಳಿದ ಮಕ್ಕಳು

ಸತ್ಯ ಸಾಬೀತಾದರೆ ನ್ಯಾಯ ಸಿಕ್ಕಂತೆಯೇ? 1962ರಲ್ಲಿ ತೆರೆಕಂಡ ಅಮೆರಿಕದ ಚಿತ್ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ನೋಡಿದವರ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ ಇದು.

ಹಾರ್ಪರ್ ಲೀ ಅವರ, 1961ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಕಾದಂಬರಿಯೇ ಚಿತ್ರಕ್ಕೆ ಆಧಾರ. ನಿರ್ದೇಶನ ರಾಬರ್ಟ್ ಮುಲಿಗನ್ ಅವರದು. ಕಥೆ ನಡೆಯುವುದು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ, ಅಲಬಾಮಾ ರಾಜ್ಯದ ಒಂದು ಕಲ್ಪಿತ ಊರಿನಲ್ಲಿ. ಕಪ್ಪು ಜನರನ್ನು ಕಾನೂನು ಮತ್ತು ರೂಢಿ ಎರಡೂ ಬೇರೆ ಇರಿಸಿದ್ದ ಕಾಲ ಅದು. ಬಿಳಿಯ ಯುವತಿಯ ಮೇಲೆ ಅತ್ಯಾಚಾರ ಮಾಡಿದನೆಂದು ಟಾಮ್ ರಾಬಿನ್‌ಸನ್ ಎಂಬ ಕಪ್ಪು ಕೂಲಿಯಾಳಿನ ಮೇಲೆ ಆರೋಪ. ಅವನ ಪರ ವಾದಿಸುವ ವಕೀಲ ಆಟಿಕಸ್ ಫಿಂಚ್, ತಾಯಿಯಿಲ್ಲದ ಇಬ್ಬರು ಮಕ್ಕಳ ತಂದೆ.

ಪಾಟೀಸವಾಲಿನ ದೃಶ್ಯವನ್ನು ಗಮನವಿಟ್ಟು ನೋಡಬೇಕು. ಯುವತಿಗೆ ಪೆಟ್ಟು ಬಿದ್ದದ್ದು ಮುಖದ ಬಲಭಾಗಕ್ಕೆ. ಎದುರು ನಿಂತು ಹೊಡೆದವನು ಎಡಚನಿರಬೇಕು. ಆಟಿಕಸ್ ಯುವತಿಯ ತಂದೆಯ ಕೈಯಲ್ಲಿ ಹೆಸರು ಬರೆಸುತ್ತಾನೆ. ಆತ ಬರೆಯುವುದು ಎಡಗೈಯಲ್ಲಿ. ಟಾಮನತ್ತ ಒಂದು ಲೋಟ ಎಸೆಯುತ್ತಾನೆ. ಅವನು ಹಿಡಿಯುವುದು ಬಲಗೈಯಲ್ಲಿ. ಹನ್ನೆರಡನೆಯ ವಯಸ್ಸಿನಲ್ಲಿ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿದ ಅವನ ಎಡಗೈ ಕೆಲಸಕ್ಕೇ ಬಾರದು. ಯುವತಿಯ ಪರೀಕ್ಷೆಗೆ ವೈದ್ಯರನ್ನೂ ಕರೆಸಿರಲಿಲ್ಲ. ಪ್ರಯೋಗಶಾಲೆಯಲ್ಲಾದರೆ ಇಷ್ಟಕ್ಕೇ ಲೆಕ್ಕ ಮುಗಿಯುತ್ತಿತ್ತು. ಹನ್ನೆರಡು ಬಿಳಿಯ ಗಂಡಸರ ಜ್ಯೂರಿ ಮಾತ್ರ ಟಾಮ್ ದೋಷಿ ಎನ್ನುತ್ತದೆ.

ನಮ್ಮ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಈಗ ಜ್ಯೂರಿ ಇಲ್ಲ. ಊರಿನಿಂದಲೇ ಆರಿಸಿದ ಜನಸಾಮಾನ್ಯರು ಅಲ್ಲಿ ತೀರ್ಮಾನ ಹೇಳುತ್ತಾರೆ. ಹಾಗಾಗಿ ಊರಿನ ಪೂರ್ವಗ್ರಹವೂ ಅವರೊಡನೆ ಬಂದು ಕೂರಬಹುದು. ಇದು ಬರಿಯ ಕಥೆಯಲ್ಲ. 1931ರಲ್ಲಿ ಅದೇ ಅಲಬಾಮಾದ ಸ್ಕಾಟ್ಸ್‌ಬರೋದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಇಂಥದೇ ಸುಳ್ಳು ಆರೋಪ ಬಂತು. ಎಂಟು ಮಂದಿಗೆ ಮರಣದಂಡನೆಯಾಯಿತು. ಆ ಶಿಕ್ಷೆ ಜಾರಿಯಾಗಲಿಲ್ಲವಾದರೂ ವರ್ಷಗಟ್ಟಲೆ ಸೆರೆವಾಸ ತಪ್ಪಲಿಲ್ಲ. ಅವರಲ್ಲಿ ಕೊನೆಯ ಮೂವರಿಗೆ ಕ್ಷಮಾದಾನ ದೊರೆತದ್ದು 2013ರಲ್ಲಿ, ಅವರೆಲ್ಲ ತೀರಿಕೊಂಡ ಎಷ್ಟೋ ವರ್ಷಗಳ ನಂತರ.

ಇಷ್ಟು ಕಟುವಾದ ವಿಷಯವನ್ನು ಚಿತ್ರ ಹೇಳುವುದು ಆರು ವರ್ಷದ ಹುಡುಗಿ ಸ್ಕೌಟ್‌ಳ ಕಣ್ಣಿನಿಂದ. ಮೊದಲಲ್ಲಿ ಕಾಣುವುದು ಸಿಗಾರ್ ಡಬ್ಬಿಯೊಳಗಿನ ಮಕ್ಕಳ ಆಸ್ತಿ: ಬಣ್ಣದ ಕಡ್ಡಿ, ಗೋಲಿ, ಹಳೆಯ ಗಡಿಯಾರ. ಎಲ್ಮರ್ ಬರ್ನ್‌ಸ್ಟೀನ್ ಅವರ ಸಂಗೀತವೂ ಮಗು ಪಿಯಾನೋದ ಮೇಲೆ ಒಂದೊಂದೇ ಸ್ವರ ಹುಡುಕುವಂತೆ ಆರಂಭವಾಗುತ್ತದೆ. ಮಕ್ಕಳು ನೆರೆಮನೆಯ ಬೂ ರ್‍ಯಾಡ್ಲಿಯನ್ನು ಭೂತವೆಂದೇ ನಂಬಿ ಹೆದರುತ್ತಾರೆ; ಕೊನೆಗೆ ಅವನೇ ಅವರ ಪ್ರಾಣ ಉಳಿಸುತ್ತಾನೆ. ತಿಳಿಯದೆ ಹುಟ್ಟಿದ ಭಯವನ್ನು ಮಕ್ಕಳು ಕಳಚುತ್ತಾರೆ, ದೊಡ್ಡವರಿಂದ ಅದಾಗುವುದಿಲ್ಲ. ಯಾರಿಗೂ ಕೇಡು ಮಾಡದೆ ಹಾಡುವ ಹಕ್ಕಿಯನ್ನು ಕೊಲ್ಲುವುದು ಪಾಪ ಎಂಬ ಶೀರ್ಷಿಕೆಯ ಅರ್ಥ ಟಾಮ್, ಬೂ ಇಬ್ಬರಿಗೂ ಸಲ್ಲುತ್ತದೆ.

ಆಟಿಕಸ್ ಪಾತ್ರಕ್ಕೆ ಗ್ರೆಗರಿ ಪೆಕ್ ಆಸ್ಕರ್ ಪಡೆದರು. ಬೂ ಆಗಿ ರಾಬರ್ಟ್ ಡುವಾಲ್ ಅವರಿಗೆ ಇದೇ ಮೊದಲ ಚಿತ್ರ. ಬಿಳಿಯ ನಾಯಕನ ಸುತ್ತಲೇ ಕಥೆ ತಿರುಗುತ್ತದೆ, ಟಾಮನ ಮನೆಯವರ ದುಃಖಕ್ಕೆ ಮಾತು ಕಡಿಮೆ ಎಂಬ ಆಕ್ಷೇಪವೂ ಇದೆ. ಅದು ನ್ಯಾಯವಾದ ಆಕ್ಷೇಪವೇ.

ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ನೋಡಿ. ತೀರ್ಪಿನ ಬಳಿಕ ಸೋತ ವಕೀಲ ಒಬ್ಬನೇ ಹೊರನಡೆಯುವಾಗ ಮೇಲಿನ ಅಂತಸ್ತಿನಲ್ಲಿದ್ದ ಕಪ್ಪು ಜನರೆಲ್ಲ ಮೌನವಾಗಿ ಎದ್ದು ನಿಲ್ಲುತ್ತಾರೆ. ಅದೇಕೆಂದು ಮಕ್ಕಳು ಕೇಳಿದರೆ ಉತ್ತರ ಹೇಳಲು ತಾವು ಸಿದ್ಧರಿರಬೇಕು.